ಗ್ರೂಪಿಗೆ ಸೇರ್ಲಾ, ಚಿಕ್ಕಮ್ಮಾ?

“ಚಿಕ್ಕಮ್ಮಾ, ಸೀನಿಯರ್ಸ್ ಅವರ ಗ್ರೂಪಿಗೆ ಸೇರ್ಕೋ ಅಂತಿದಾರೆ. ಅಮ್ಮ ಬೇಡ ಅಂತಾಳೆ. ಸೇರ್ಲಾ?”

ಮೈಸೂರಿನಲ್ಲಿ ಡಿಗ್ರಿಗೆ ಸೇರಿ, ಹಾಸ್ಟೆಲಿನಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದಿರಬಹುದು.

ನಾನು ಬಿ.ಎ. ಓದುವಾಗ ಇಂಥದ್ದೇ ಒಂದು ಗುಂಪಿಗೆ ಸೇರಿದ್ದೆ. ಊರು ಬಿಟ್ಟು ಬಂದವಳಿಗೆ ‘ನೀನು ನಮ್ಮವಳು ಕಣೇ’ ಅನ್ನುವ ಒಂದು ಮಾತೇ ಸಾಕಿತ್ತು. ಮೊದಲು ಎಲ್ಲರಿಗೂ ಪಾರ್ಟಿ ಕೊಡಿಸಬೇಕಾಯಿತು. ಆಮೇಲೆ ಸೀನಿಯರ್‌ಗಳ ನೋಟ್ಸ್ ಬರೆಯುವುದು, ಬಟ್ಟೆ ಒಗೆಯುವುದು. ಕೊನೆಗೆ ರೂಮ್‌ಮೇಟ್ ಜೊತೆ ಮಾತು ಬಿಡು ಅಂದರು. ಬಿಟ್ಟೆ! ಅವಳು ಜ್ವರ ಬಂದು ಮಲಗಿದ್ದಾಗ ಒಂದು ಲೋಟ ಬಿಸಿನೀರು ಸಹ ಕೊಡಲಿಲ್ಲ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಆಗ ಅದನ್ನೆಲ್ಲ ತಮಾಷೆ ಅಂದುಕೊಂಡಿದ್ದೆ. ಹೊಸಬರಿಂದ ಓದು-ಬರಹದ ಕೆಲಸ ಮಾಡಿಸುವುದು, ಬಲವಂತವಾಗಿ ಖರ್ಚು ಮಾಡಿಸುವುದು ಎರಡೂ ಯುಜಿಸಿಯ 2009ರ ನಿಯಮಗಳ ಪ್ರಕಾರ ರ‍್ಯಾಗಿಂಗೇ. ಸಹಾಯವಾಣಿ 1800-180-5522. ಮಗಳ ಮೊಬೈಲಿನಲ್ಲಿ ಇದು ಇರಲಿ.

ಹಾಗಂತ ಕಾಲೇಜು, ಸಿಟಿ ಬಸ್, ಮನೆ ಇಷ್ಟೇ ಸಾಕು ಅನ್ನುವವಳಲ್ಲ ನಾನು. ಎರಡನೇ ವರ್ಷ ಎನ್ನೆಸ್ಸೆಸ್ ಸೇರಿದೆ. 1969ರಲ್ಲಿ, ಗಾಂಧೀಜಿ ಶತಮಾನೋತ್ಸವದ ವರ್ಷ ಶುರುವಾದ ಯೋಜನೆ ಅದು. ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಹೊಣೆ ಹೊರಲು ಒಬ್ಬ ಅಧ್ಯಾಪಕರು ಇದ್ದೇ ಇರುತ್ತಾರೆ. ನಮ್ಮ ಶಿಬಿರ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ. ಬೆಳಿಗ್ಗೆ ಚರಂಡಿ ಎತ್ತುವುದು, ಸಂಜೆ ಮನೆಮನೆ ಸರ್ವೆ. ಆ ರೂಮ್‌ಮೇಟ್ ಕೂಡ ಬಂದಿದ್ದಳು. ಐವತ್ತು ಜನಕ್ಕೆ ಉಪ್ಪಿಟ್ಟು ಕೆದಕುತ್ತಾ ‘ತಪ್ಪಾಯ್ತು ಕಣೇ’ ಅಂದೆ. ‘ಉಪ್ಪು ಸರಿಯಿದೆಯಾ ನೋಡು’ ಅಂದಳು, ಅಷ್ಟೇ.

ಎನ್‌ಸಿಸಿಯಲ್ಲಿ ಪರೇಡು ಜಾಸ್ತಿ, ‘ಸಿ’ ಸರ್ಟಿಫಿಕೇಟಿಗೆ ಬೆಲೆಯೂ ಉಂಟು. ಇನ್ನು ದಸರಾ ಬಂತೆಂದರೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ. ಡಾನ್ಸ್ ತಂಡಕ್ಕೆ ಸೇರಿದರೆ ಪ್ರಾಕ್ಟೀಸ್ ಮುಗಿಸಿ ಬರುವುದು ತಡವಾದೀತು. ಮಗಳು ಕೇಳಿದ ಕೂಡಲೇ ‘ಬೇಡ’ ಅನ್ನಬೇಡಿ. ಎಷ್ಟು ಹೊತ್ತಿಗೆ ಮುಗಿಯುತ್ತೆ, ಯಾವ ಮೇಡಂ ಜೊತೆಗಿರ್ತಾರೆ, ದುಡ್ಡು ಯಾರು ಹಾಕ್ತಾರೆ ಅಂತ ಕೇಳಿ. ಹೇಳಲು ತಡವರಿಸಿದರೆ ಮಾತ್ರ ಯೋಚನೆ ಮಾಡಿ.

ಅಕ್ಕನ ಮಗಳಿಗೆ ನಾನು ಹೇಳಿದ್ದು ಒಂದೇ. “ಅವರು ಕರೆದಾಗ ಒಂದು ಸಲ ‘ಇವತ್ತು ಬರಲ್ಲ’ ಅನ್ನು. ಏನಂತಾರೆ ನೋಡು.”

ಭಾನುವಾರ ಫೋನ್ ಬಂತು. “ಬರಲ್ಲ ಅಂದಿದ್ದಕ್ಕೆ ಮೂರು ದಿನದಿಂದ ಯಾರೂ ಮಾತಾಡ್ತಿಲ್ಲ ಚಿಕ್ಕಮ್ಮಾ.” ದನಿ ಸಣ್ಣಗಾಗಿತ್ತು. ಈಗ ಎನ್ನೆಸ್ಸೆಸ್ಸಿಗೆ ಹೆಸರು ಕೊಟ್ಟಿದ್ದಾಳಂತೆ. ಏಳು ದಿನದ ಶಿಬಿರ ಅಂದ ಕೂಡಲೇ ಅಕ್ಕನ ಮುಖ ಮತ್ತೆ ಗಂಟಾಗಿದೆ. ಈ ವಾರ ಅವಳ ಮನೆಗೆ ಹೋಗಿ ಕೂತು ಮಾತಾಡಬೇಕು.