ಶಾಸನದ ಮುಂದೆ ಉಪಾಧ್ಯಾಯರು

ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳಲ್ಲಿ ಮಣ್ಣುಪಾಲಾಗಿದ್ದ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಅವರನ್ನು ನಾವು ಪುರಾತತ್ತ್ವಜ್ಞರೆಂದು ಸ್ಮರಿಸುತ್ತೇವೆ. ಅವರು ಮೊದಲು ಪಾಠಶಾಲೆಯ ಮನುಷ್ಯರು ಎಂಬುದನ್ನು ಮರೆಯುತ್ತೇವೆ. 1837ರಲ್ಲಿ ಬೆಂಗಳೂರಿನಲ್ಲಿಯೇ ಜನಿಸಿದ ಅವರು ಇಲ್ಲಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಅನಂತರ ಶಾಲೆಗಳ ಇನ್‌ಸ್ಪೆಕ್ಟರಾದರು. ಶಾಲೆಗಳ ತನಿಖೆಗೆಂದು ಊರೂರು ತಿರುಗುವಾಗ ಕಣ್ಣಿಗೆ ಬಿದ್ದ ಬರಹದ ಕಲ್ಲುಗಳೇ ಅವರನ್ನು ಮತ್ತೊಂದು ದಾರಿಗೆ ಎಳೆದವು. 1886ರಲ್ಲಿ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕ’ ಗ್ರಂಥಮಾಲೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ 12 ಸಂಪುಟಗಳಾಗಿ ಬೆಳೆದು, ಸುಮಾರು 9,000 ಶಾಸನಗಳನ್ನು ವಿದ್ವಾಂಸರ ಕೈಗಿತ್ತಿತು. ವಿದ್ವಾಂಸರ ಕೈಗೆ, ನಿಜ. ಶಾಲೆಯ ತನಿಖಾಧಿಕಾರಿಯೊಬ್ಬರು ಹುಡುಕಿದ ಈ ನಿಧಿ ಮಾತ್ರ ಶಾಲೆಗೆ ಇನ್ನೂ ಹಿಂದಿರುಗಿಲ್ಲ.

ಏಕೆ ಹಿಂದಿರುಗಿಲ್ಲ? ಮಕ್ಕಳಿಗೆ ಶಾಸನದ ಭಾಷೆ ತಿಳಿಯದು ಎಂಬುದು ರೂಢಿಯ ಉತ್ತರ. ಇದು ಅರ್ಧ ಸತ್ಯ. ಇತಿಹಾಸ ಪಾಠ ಹೇಳುವ ಉಪಾಧ್ಯಾಯರಲ್ಲಿ ಬಹುಮಂದಿ ತಮ್ಮ ವಿದ್ಯಾಭ್ಯಾಸದ ಕಾಲದಲ್ಲಾಗಲಿ, ವೃತ್ತಿಶಿಕ್ಷಣದ ಕಾಲದಲ್ಲಾಗಲಿ, ಒಂದು ಮೂಲ ದಾಖಲೆಯನ್ನು ಮುಂದಿಟ್ಟುಕೊಂಡು ಅದರೊಡನೆ ವಾದಿಸಿದವರಲ್ಲ ಎಂಬುದು ಉಳಿದರ್ಧ. ತಾವು ಮಾಡದ ಕೆಲಸವನ್ನು ಅವರು ಮಕ್ಕಳಿಂದ ಮಾಡಿಸುವುದು ಹೇಗೆ? ಅವರಿಗೆ ಸಿದ್ಧವಾಗಿ ದೊರೆತದ್ದು ಪಠ್ಯಪುಸ್ತಕ. ಆ ಪುಸ್ತಕವಾದರೂ ಸ್ಥಿರವೇ? ನಮ್ಮ ರಾಜ್ಯದಲ್ಲಿ ಅದು 2022ರಲ್ಲೊಮ್ಮೆ ಬದಲಾಯಿತು, ವಿವಾದದ ಧೂಳಿನ ನಡುವೆ 2023ರಲ್ಲಿ ಮತ್ತೊಮ್ಮೆ ಬದಲಾಯಿತು. ಪುಸ್ತಕವೊಂದನ್ನೇ ನೆಚ್ಚಿದ ಉಪಾಧ್ಯಾಯನ ಇತಿಹಾಸ, ಸರ್ಕಾರ ಬದಲಾದೊಡನೆ ತಾನೂ ಮಗ್ಗುಲು ಬದಲಿಸುತ್ತದೆ. ಆತನ ಮುಂದೆ ಕುಳಿತ ಹುಡುಗನಿಗೆ ಇತಿಹಾಸವೆಂದರೆ ಆಳುವವರು ಹೇಳಿಸುವ ಕತೆ ಎಂಬ ಭಾವನೆ ಬೇರೂರಿದರೆ ಆ ಹುಡುಗನನ್ನು ದೂರುವಂತಿಲ್ಲ.

ಈ ವಿಷಯದಲ್ಲಿ ಅಮೆರಿಕದ ಸ್ಯಾಮ್ ವೈನ್‌ಬರ್ಗ್ ಎಂಬ ವಿದ್ವಾಂಸರು 1991ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಬಹಳ ಚರ್ಚೆಗೆ ಒಳಗಾಯಿತು. ಅವರು ಎಂಟು ಮಂದಿ ಇತಿಹಾಸಜ್ಞರಿಗೂ ಎಂಟು ಮಂದಿ ಹೈಸ್ಕೂಲು ವಿದ್ಯಾರ್ಥಿಗಳಿಗೂ 1775ರ ಲೆಕ್ಸಿಂಗ್ಟನ್ ಕದನಕ್ಕೆ ಸಂಬಂಧಿಸಿದ ಒಂದೇ ಬಗೆಯ ದಾಖಲೆಗಳನ್ನು ಕೊಟ್ಟು, ಓದುವಾಗ ಮನಸ್ಸಿನಲ್ಲಿ ಏಳುವ ಮಾತುಗಳನ್ನು ಗಟ್ಟಿಯಾಗಿ ಹೇಳುವಂತೆ ಕೇಳಿಕೊಂಡರು. ವಿದ್ಯಾರ್ಥಿಗಳು ಮೊದಲ ಶಬ್ದದಿಂದ ಕೊನೆಯ ಶಬ್ದದ ವರೆಗೆ ಓದಿ ಮುಗಿಸಿದರು. ಇತಿಹಾಸಜ್ಞರು ಮೊದಲು ಕಣ್ಣುಹಾಯಿಸಿದ್ದು ಕಾಗದದ ಅಡಿಗೆ: ಬರೆದವನಾರು, ಎಂದು ಬರೆದ, ಯಾರಿಗಾಗಿ ಬರೆದ? ಎಲ್ಲಕ್ಕಿಂತ ಹೆಚ್ಚು ನಂಬತಕ್ಕದ್ದು ಯಾವುದೆಂದಾಗ ವಿದ್ಯಾರ್ಥಿಗಳು ಪಠ್ಯಪುಸ್ತಕದ ತುಣುಕನ್ನು ಎತ್ತಿ ಹಿಡಿದರು. ಇತಿಹಾಸಜ್ಞರು ಅದನ್ನೇ ಕೆಳಗಿನ ಸ್ಥಾನಕ್ಕೆ ತಳ್ಳಿದರು. ಆ ಇತಿಹಾಸಜ್ಞರೆಲ್ಲರೂ ಅಮೆರಿಕದ ಚರಿತ್ರೆಯಲ್ಲಿ ಪರಿಣತರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಕೆಲಸ ಮಾಡಿದ್ದು ಸಂಗತಿಗಳ ಸಂಗ್ರಹವಲ್ಲ, ಓದಿನ ಅಭ್ಯಾಸ.

ಅಭ್ಯಾಸವನ್ನು ಉಪನ್ಯಾಸದಿಂದ ಕಲಿಸಲಾಗದು. ನಮ್ಮ ತರಬೇತಿ ಶಿಬಿರಗಳಲ್ಲಿ ಕುಳಿತು ಬಂದ ಮೇಷ್ಟರುಗಳಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳಿಗ್ಗೆ ಉದ್ಘಾಟನೆ, ಮಧ್ಯಾಹ್ನ ಮೂಲಾಧಾರಗಳ ಮಹತ್ತ್ವವನ್ನು ಕುರಿತು ಎರಡು ಗಂಟೆಯ ಭಾಷಣ, ಸಂಜೆ ಹಾಜರಿ ಪತ್ರ. ಮೂಲಾಧಾರದ ಮಹತ್ತ್ವ ಕೇಳಿದ್ದಾಯಿತು. ಮೂಲಾಧಾರ ಮಾತ್ರ ಕಣ್ಣಿಗೆ ಬೀಳಲಿಲ್ಲ. ಈಜನ್ನು ದಡದ ಮೇಲೆ ನಿಂತು ವರ್ಣಿಸಿದ ಹಾಗೆ.

ಅದಕ್ಕೆ ಬದಲಾಗಿ, ಮೂವತ್ತು ಜನ ಉಪಾಧ್ಯಾಯರನ್ನು ಕೂರಿಸಿ ಒಂದೇ ಒಂದು ಶಾಸನವನ್ನು ಎರಡು ದಿನ ಓದಿಸೋಣ. ಆತಕೂರಿನ ಕಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. ಮಂಡ್ಯ ಜಿಲ್ಲೆಯ ಆ ಊರಿನಿಂದ ಬಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದ ಈ ವೀರಗಲ್ಲಿನ ಮೇಲೆ ಒಂದು ನಾಯಿಯೂ ಒಂದು ಹಂದಿಯೂ ಸೆಣಸುತ್ತಿರುವ ಚಿತ್ರವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧಮಾಡಿದಾಗ ಗಂಗರ ಬೂತುಗ ಅವನ ಪಕ್ಷದಲ್ಲಿದ್ದ. ಬೂತುಗನ ಸೇವಕ ಮಣಲೆರ ಆ ಯುದ್ಧದಲ್ಲಿ ಪರಾಕ್ರಮ ಮೆರೆದ. ಮೆಚ್ಚಿದ ಒಡೆಯ ಬೇಕಾದುದನ್ನು ಕೇಳೆಂದಾಗ ಮಣಲೆರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದಕ್ಕಾಗಿ ಈ ಕಲ್ಲು, ಕಲ್ಲಿನ ಪೂಜೆಗೆ ಭೂಮಿ, ಪೂಜೆ ಮಾಡದೆ ಉಣ್ಣಬಾರದೆಂದು ಪೂಜಾರಿಗೆ ಕಟ್ಟಳೆ.

ಎಂಟನೆಯ ತರಗತಿಯ ಮಕ್ಕಳು ಈ ಕತೆಗೆ ಕಿವಿ ನಿಮಿರಿಸುತ್ತಾರೆ. ಅದು ಬೇರೆ ಮಾತು. ಉಪಾಧ್ಯಾಯರ ಕೆಲಸ ಕತೆ ಮುಗಿದ ಮೇಲೆ ಆರಂಭವಾಗುತ್ತದೆ. ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಶಕವರ್ಷಕ್ಕೆ 78 ಕೂಡಿಸಬೇಕೆಂದು ಕಲಿತವರು 950 ಎಂದು ಬರೆಯುತ್ತಾರೆ. ಸೌಮ್ಯ ಸಂವತ್ಸರವಾದರೋ 949ರಲ್ಲಿ ಹಿಡಿದು 950ರಲ್ಲಿ ಮುಗಿಯುತ್ತದೆ. ಕಲ್ಲು ಎಣಿಸಿದ್ದು ಕಳೆದ ವರ್ಷವನ್ನಲ್ಲ, ನಡೆಯುತ್ತಿದ್ದ ವರ್ಷವನ್ನು ಎಂಬುದು ಆಗ ಹೊಳೆಯುತ್ತದೆ. ಕಾಲನಿರ್ಣಯ ಎಂಬ ಗಂಭೀರವಾದ ಮಾತಿನ ಹಿಂದೆ ಇಂಥ ಪುಟ್ಟ ಲೆಕ್ಕಗಳಿವೆ ಎಂದು ಒಮ್ಮೆ ಕೈಯಾರೆ ಕಂಡುಕೊಂಡ ಉಪಾಧ್ಯಾಯರು ಇಸವಿಗಳನ್ನು ಬಾಯಿಪಾಠ ಮಾಡಿಸುವ ಉತ್ಸಾಹವನ್ನು ಸ್ವಲ್ಪ ಕಡಿಮೆ ಮಾಡಿಯಾರು.

ಅನಂತರ ಕಠಿನವಾದ ಪ್ರಶ್ನೆ. ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದವನು ಬೂತುಗನೆಂದು ಈ ಕಲ್ಲು ಹೇಳುತ್ತದೆ. ಹೇಗೆ ಕೊಂದ ಎಂಬಲ್ಲಿ ಬಂದಿರುವ ಒಂದೆರಡು ಪದಗಳನ್ನು ವಿದ್ವಾಂಸರು ಒಂದೇ ರೀತಿ ಅರ್ಥಮಾಡಿಲ್ಲ: ವಂಚನೆಯಿಂದ ಇರಿದ ಎಂಬುದು ಒಂದು ಅರ್ಥ, ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಾದಿ ಇರಿದ ಎಂಬುದು ಮತ್ತೊಂದು. ಅಕ್ಷರವೊಂದನ್ನು ಹೀಗೆ ಓದಿದರೆ ಬೂತುಗ ದ್ರೋಹಿ, ಹಾಗೆ ಓದಿದರೆ ವೀರ! ಈಗ ಚೋಳರ ಕಡೆಯ ಸಾಕ್ಷ್ಯವನ್ನು ಪಕ್ಕದಲ್ಲಿಡಬೇಕು. ಲೈಡನ್ ತಾಮ್ರಶಾಸನಗಳೆಂದು ಪ್ರಸಿದ್ಧವಾದ ಪಟಗಳಲ್ಲಿ ರಾಜಾದಿತ್ಯ ಕೃಷ್ಣನ ಸೈನ್ಯವನ್ನು ನಡುಗಿಸಿ, ಆನೆಯ ಮೇಲೆ ಕುಳಿತಿದ್ದಂತೆಯೇ ಶತ್ರುವಿನ ಬಾಣ ಎದೆಗೆ ತಾಕಿ ವೀರಸ್ವರ್ಗವನ್ನು ಸೇರುತ್ತಾನೆ. ಸೋಲಿನ ಕತೆ ಗೆಲುವಿನಷ್ಟೇ ಭವ್ಯವಾಗಿದೆ. ಆದರೆ ಈ ಪಟಗಳು ಯುದ್ಧ ನಡೆದು ಅರ್ಧ ಶತಮಾನಕ್ಕೂ ಮಿಕ್ಕಿದ ಮೇಲೆ ಹುಟ್ಟಿದವು. ಆತಕೂರಿನ ಕಲ್ಲು ಯುದ್ಧದ ಕಾಲಕ್ಕೇ ಸೇರಿದ್ದು. ಸಮೀಪದ ಸಾಕ್ಷಿಯನ್ನು ನಂಬಬೇಕೇ? ಆ ಸಮೀಪದ ಸಾಕ್ಷಿ ಗೆದ್ದವನ ಅನ್ನ ಉಂಡದ್ದಲ್ಲವೇ? ಇಲ್ಲಿ ಮೂವತ್ತು ಜನರಲ್ಲಿ ಒಮ್ಮತ ಬರುವುದಿಲ್ಲ, ಬರಬೇಕಾದುದೂ ಇಲ್ಲ. ಯಾವ ಆಧಾರದ ಮೇಲೆ ಹಾಗೆನ್ನುತ್ತೀರಿ ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ಕಲ್ಲಿನ ಯಾವುದೋ ಒಂದು ಸಾಲಿನ ಮೇಲೆ ಬೆರಳಿಟ್ಟು ಉತ್ತರ ಕೊಟ್ಟರೆ ಶಿಬಿರ ಸಾರ್ಥಕ.

ಬೆಂಗಳೂರಿನ ಉಪಾಧ್ಯಾಯರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಗೂರಿನಲ್ಲಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂದೂ ಅದರಿಂದ ಬೆಂದಕಾಳೂರು ಬೆಂಗಳೂರಾಯಿತೆಂದೂ ಎಲ್ಲರೂ ಕೇಳಿದ್ದೇವೆ. ಬಲ್ಲಾಳ ಹನ್ನೆರಡನೆಯ ಶತಮಾನದ ಕೊನೆಯವನು. ಬೇಗೂರಿನ ಗಂಗರ ಕಾಲದ ವೀರಗಲ್ಲಿನಲ್ಲಿ ಸುಮಾರು 890ರಷ್ಟು ಹಿಂದೆಯೇ ಬೆಂಗಳೂರು ಕಾಳಗದ ಹೆಸರಿದೆ. ಮುದುಕಿಯ ಕತೆಯನ್ನು ಇದಕ್ಕಾಗಿ ಬಿಡಬೇಕಾಗಿಲ್ಲ. ಅದು ಎಂದು ಹುಟ್ಟಿತು, ಜನಕ್ಕೆ ಏಕೆ ಪ್ರಿಯವಾಯಿತು ಎಂಬುದೂ ಚರಿತ್ರೆಯ ಪ್ರಶ್ನೆಯೇ.

ಬೂತುಗನ ವಿಷಯದಲ್ಲಿ ಇಂದು ಯಾರೂ ಜಗಳಕ್ಕೆ ಬರುವುದಿಲ್ಲ. ಟೀಪು ಸುಲ್ತಾನನ ಪಾಠ ಬಂದಾಗ ಮೇಷ್ಟರ ದನಿ ತಗ್ಗುತ್ತದೆ. ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿ ಮಠದಲ್ಲಿ ಕಂಡ ಕನ್ನಡ ಪತ್ರಗಳಲ್ಲಿ, 1791ರ ಮರಾಠಾ ದಂಡಿನ ಲೂಟಿಯಿಂದ ನೊಂದ ಮಠಕ್ಕೆ ನೆರವಾಗುವ, ಸ್ವಾಮಿಗಳ ಆಶೀರ್ವಾದ ಬೇಡುವ ಟೀಪು ಇದ್ದಾನೆ. ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸಿದ ಪತ್ರಗಳಲ್ಲಿ ಉಗ್ರವಾದ ಆಜ್ಞೆಗಳನ್ನು ಕಳಿಸುವ ಟೀಪು ಇದ್ದಾನೆ. ಎರಡೂ ಅವನದೇ ಪತ್ರಗಳು. ಒಂದನ್ನು ಮುಚ್ಚಿ ಇನ್ನೊಂದನ್ನು ತೋರಿಸುವವರು ಎರಡು ಕಡೆಯಲ್ಲಿಯೂ ಇದ್ದಾರೆ. ಮಠಕ್ಕೆ ಬರೆಯುವಾಗಿನ ರಾಜಕಾರಣವೇನು, ಕಂಪನಿಯ ಅಧಿಕಾರಿಯಾದ ಕರ್ಕ್‌ಪ್ಯಾಟ್ರಿಕ್ ಯಾವ ಪತ್ರಗಳನ್ನು ಆರಿಸಿದ, ಏಕೆ ಆರಿಸಿದ ಎಂದು ಎರಡನ್ನೂ ಮುಂದಿಟ್ಟು ಕೇಳುವ ಉಪಾಧ್ಯಾಯನಿಗೆ ಪಕ್ಷ ಹಿಡಿಯುವ ಅಗತ್ಯ ಬೀಳುವುದಿಲ್ಲ. ಯಾರಾದರೂ ಆಕ್ಷೇಪಿಸಿದರೆ ಅವನ ಕೈಯಲ್ಲಿ ದಾಖಲೆ ಇರುತ್ತದೆ. ಅಂಜಿಕೆಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಾಣೆ.

ಸಾಮಗ್ರಿ ಇಲ್ಲವೆನ್ನುವಂತಿಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕ’ದ ಪರಿಷ್ಕೃತ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಗಣಕಯಂತ್ರದಲ್ಲಿ ಮೂರು ಆಯಾಮಗಳಲ್ಲಿ ಸೆರೆಹಿಡಿಯುವ ಕಾರ್ಯವನ್ನು ಕೈಗೊಂಡಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬಂದ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗಳೂ ಇವೆ. ಬೇಕಾದುದು ಇವರನ್ನು ಅವರ ಬಳಿಗೆ ಕರೆದೊಯ್ಯುವ ವ್ಯವಸ್ಥೆ.

ಕರೆದೊಯ್ದಾಗ ಪಡಿಯಚ್ಚು ತೆಗೆಯುವುದನ್ನೂ ಕಲಿಸಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ತಟ್ಟಿತಟ್ಟಿ ಅಕ್ಷರದ ಹಳ್ಳಗಳಿಗೆ ಇಳಿಸಿ, ಅರೆ ಆರಿದಾಗ ಮಸಿ ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ಏಳುತ್ತವೆ. ಆ ಹಾಳೆಯನ್ನು ಮಡಿಸಿಕೊಂಡು ಊರಿಗೆ ಹೋದ ಮೇಷ್ಟರು ತಮ್ಮ ಶಾಲೆಯ ಹಿಂದಿನ ಕೆರೆಯ ಏರಿಯ ಮೇಲೆ ಬಟ್ಟೆ ಒಗೆಯುವ ಚಪ್ಪಡಿಯನ್ನು ಒಮ್ಮೆ ತಿರುವಿ ನೋಡದೆ ಇರಲಾರರು. ಶಿಬಿರವನ್ನು ಏರ್ಪಡಿಸುವವರಿಗೆ ಒಂದೇ ಸೂಚನೆ: ಉದ್ಘಾಟನೆಯನ್ನು ಬೇಕಿದ್ದರೆ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಲಿ. ಸವೆದ ಅಕ್ಷರಗಳು ಕಾಣುವುದು ಬೆಳಗಿನ ಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬೀಳುವ ಹೊತ್ತಿನಲ್ಲಿ.