ಅಪ್ಸರಕೊಂಡದಲ್ಲಿ ಭೂಗೋಳದ ಕ್ಷೇತ್ರಪಾಠ

ಭೂಗೋಳವೆಂದೊಡನೆ ನಕಾಶೆಯಲ್ಲಿ ನದಿ ಬೆಟ್ಟಗಳನ್ನು ಗುರುತಿಸುವ ಅಭ್ಯಾಸವೇ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ನೆಲದ ಪಾಠವನ್ನು ನೆಲದ ಮೇಲೆ ನಿಂತೇ ಓದತಕ್ಕದ್ದು. ಅಂತಹ ಓದಿಗೆ ಹೊನ್ನಾವರದ ದಕ್ಷಿಣಕ್ಕಿರುವ ಅಪ್ಸರಕೊಂಡವು ತಕ್ಕ ಸ್ಥಳ. ಗುಡ್ಡದಿಂದಿಳಿಯುವ ಕಿರುಜಲಪಾತ, ಅದರಡಿಯ ಕೊಳ, ಮರಳದಂಡೆ, ಅರಬ್ಬೀ ಸಮುದ್ರ ಇವೆಲ್ಲವೂ ಅಲ್ಲಿ ಒಂದು ದಿನದ ನಡಿಗೆಯೊಳಗೇ ದೊರೆಯುತ್ತವೆ.

'ಅಪ್' ಎಂದರೆ ನೀರು. 'ಸೃ' ಧಾತುವಿಗೆ ಚಲಿಸು ಎಂದರ್ಥ. ನೀರಿನಲ್ಲಿ ಸಂಚರಿಸುವವಳೇ ಅಪ್ಸರೆ. ಕೊಂಡವಾದರೋ ನೀರು ನಿಲ್ಲುವ ತಾಣ. ಚಲನೆ, ನಿಲುಗಡೆ ಎರಡೂ ಈ ಒಂದೇ ಹೆಸರಿನಲ್ಲಿ ಅಡಗಿವೆ. ರಕ್ಷಿತ ಪ್ರದೇಶಗಳ ಸಮಸ್ಯೆಯೂ ಇದೇ ಆಗಿದೆ: ಪ್ರಕೃತಿಯನ್ನು ಕಾಪಾಡುವುದೆಂದರೆ ಬದಲಾವಣೆಯನ್ನು ತಡೆಯುವುದಲ್ಲ, ಯಾವ ಬದಲಾವಣೆ ಸಹ್ಯ, ಯಾವುದು ಅಸಹ್ಯ ಎಂದು ವಿವೇಚಿಸುವುದು.

ಅಪ್ಸರಕೊಂಡ–ಮುಗಳಿ ಕಡಲ ವನ್ಯಜೀವಿಧಾಮವು 2020ರ ದಶಕದಲ್ಲಿ ರೂಪುಗೊಂಡಿತು. ಕರ್ನಾಟಕದಲ್ಲಿ ಈ ಬಗೆಯದು ಇದೇ ಮೊದಲು. ಸುಮಾರು 60 ಚದರ ಕಿಲೋಮೀಟರಿನ ಈ ಧಾಮದ ಬಹುಭಾಗ ಕಡಲೇ. ಆಲಿವ್ ರಿಡ್ಲೆ ಕಡಲಾಮೆಗಳು ಈ ಕರಾವಳಿಯ ದಂಡೆಯನ್ನೇರಿ ಮೊಟ್ಟೆಯಿಡುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆಗಳಿದ್ದು, 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಕಡಲಿನ ಬೆಳಕನ್ನರಸಿ ಸಾಗಬೇಕಾದ ಮರಿಗಳು ದಂಡೆಯ ವಿದ್ಯುದ್ದೀಪಗಳಿಂದ ದಾರಿ ತಪ್ಪುತ್ತವೆ.

ಧಾಮದಲ್ಲಿ ಆಮೆಗೆ ಅಭಯ ದೊರೆತರೆ ಮೀನುಗಾರನ ಗತಿಯೇನು? ಸ್ಥಳೀಯ ಮೀನುಗಾರರ ವೃತ್ತಿಹಿತವನ್ನು ರಕ್ಷಿಸಿಯೇ ಕಡಲ ಧಾಮದ ಎಲ್ಲೆಯನ್ನು ನಿರ್ಧರಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ವಿಧಿಸುತ್ತದೆ. ಹಿಂದೆ ಊರವರು ಒಟ್ಟಾಗಿ ದಂಡೆಯಿಂದ ಎಳೆಯುತ್ತಿದ್ದ ರಂಪಣಿ ಬಲೆಯು 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆಯ ಆಗಮನದಿಂದ ಹಿಂದೆ ಸರಿಯಿತು. ಅಂತಹ ಪಲ್ಲಟವನ್ನುಂಡವರ ಮಾತನ್ನು ಕೇಳದೆ ಬರೆದ ವರದಿ ಅಪೂರ್ಣ.

ಉತ್ತರಕ್ಕೆ ಹೊನ್ನಾವರದ ಬಳಿ ಶರಾವತಿಯು ಕಡಲನ್ನು ಸೇರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಬಳಿಕ ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿದುಬರುವುದರಿಂದ ಅಳಿವೆಯ ಉಪ್ಪಿನಂಶ ತಗ್ಗಿ, ಚಿಪ್ಪಿಕಲ್ಲುಗಳು ಕ್ಷೀಣಿಸಿದವು. ಕುಮಟೆಯ ಬಳಿಯ ಅಘನಾಶಿನಿಗೆ ಅಂತಹ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಚಿಪ್ಪಿಕಲ್ಲು ಹೇರಳ. ಅದು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಬೇಲಿ ಹಾಕಿದ ಎಲ್ಲೆಯ ಹೊರಗಿನ ಕಾರಣವೂ ಒಳಗಿನ ಜೀವವನ್ನು ಬದಲಿಸಬಲ್ಲದೆಂಬುದಕ್ಕೆ ಈ ಎರಡು ಅಳಿವೆಗಳೇ ನಿದರ್ಶನ.

ಇದನ್ನರಿಯಲು ದುಬಾರಿ ಉಪಕರಣ ಬೇಡ. ಎರಡು ಕೋಲು, ಅಳತೆಯ ಹಗ್ಗಗಳಿಂದ ಮಳೆಗಾಲದ ಮುನ್ನ ಹಾಗೂ ಅನಂತರ ಅದೇ ಸ್ಥಳದಲ್ಲಿ ದಂಡೆಯ ಇಳಿಜಾರನ್ನು ಅಳೆಯಬೇಕು. ದಂಡೆಗೆ ಕಾಣುವ ದೀಪಗಳನ್ನು ಎಣಿಸಬೇಕು. ಅಳಿವೆಯ ಉಪ್ಪಿನಂಶವನ್ನು ಪರೀಕ್ಷಿಸಬೇಕು. ಹಿರಿಯ ಮೀನುಗಾರರ ಹೇಳಿಕೆಗಳನ್ನು ದಿನಾಂಕಸಹಿತ ಬರೆದಿಡಬೇಕು. ಗೂಡನ್ನು ಮಾತ್ರ ಮುಟ್ಟಬಾರದು. ಅದು ಅರಣ್ಯ ಇಲಾಖೆಯ ಹೊಣೆ.

ಒಂದು ವರ್ಷದ ಅಳತೆಯಿಂದ ಏನನ್ನೂ ನಿರ್ಣಯಿಸಲಾಗದು. ಒಂದು ತರಗತಿ ಬರೆದ ಪುಸ್ತಕವನ್ನು ಮುಂದಿನ ತರಗತಿ ಮುಂದುವರಿಸಿದರೆ ಮಾತ್ರ ದಂಡೆ ಸವೆಯುತ್ತಿದೆಯೋ ಬೆಳೆಯುತ್ತಿದೆಯೋ ತಿಳಿದೀತು. ಆ ಪುಸ್ತಕವನ್ನು ಜೋಪಾನವಾಗಿಡುವುದು ಶಾಲೆಯ ಕೆಲಸ.