ಒಂದು ಗಂಟೆಯ ಚದುರಂಗ

೧೯೮೧ನೆಯ ಇಸವಿಯ ಡಿಸೆಂಬರ್ ೧೨. ಪಶ್ಚಿಮ ಬರ್ಲಿನ್ನಿನ ತನ್ನ ಧ್ವನಿಮುದ್ರಣ ಕೊಠಡಿಯಲ್ಲಿ ಮಾನ್ಯುಯಲ್ ಗೊಟ್ಶಿಂಗ್ ಒಬ್ಬನೇ ಕುಳಿತಿದ್ದನು. ಇಪ್ಪತ್ತೊಂಬತ್ತು ವರ್ಷದ ಈ ಗಿಟಾರ್ ವಾದಕನು ಗೆಳೆಯ ಕ್ಲಾಸ್ ಶುಲ್ಟ್ಸೆಯೊಡನೆ ಕಛೇರಿಗಳ ಪ್ರವಾಸವನ್ನು ಮುಗಿಸಿ ಮನೆಗೆ ಮರಳಿದ್ದನು. ವಿಮಾನದಲ್ಲಿ ಹ್ಯಾಂಬರ್ಗಿಗೆ ಹೋಗುವುದಿತ್ತು. ದಾರಿಯಲ್ಲಿ ಕೇಳಲು ಏನಾದರೊಂದು ಇರಲೆಂದು ಯಂತ್ರಗಳನ್ನು ಹೂಡಿ ನುಡಿಸತೊಡಗಿದನು. ನಿಲ್ಲಿಸಿದಾಗ ಸುಮಾರು ಒಂದು ಗಂಟೆಯೇ ಸರಿದಿತ್ತು.

ಆ ಗಂಟೆಯಲ್ಲಿ ನಡೆದುದೇನು? ಮೇಲುನೋಟಕ್ಕೆ ಏನೂ ಇಲ್ಲ. ಎರಡೇ ಎರಡು ಸ್ವರಮೇಳಗಳು ಒಂದರ ಬೆನ್ನಿಗೊಂದು ತೂಗುಯ್ಯಾಲೆಯಂತೆ ಬಂದುಹೋಗುತ್ತವೆ. ಸ್ವರಗಳ ಸಾಲನ್ನು ತಾನಾಗಿಯೇ ಮರುನುಡಿಸುವ ಸೀಕ್ವೆನ್ಸರ್ ಯಂತ್ರ ಲಯವನ್ನು ಹಿಡಿದಿರುತ್ತದೆ. ಸಿಂಥಸೈಜರಿನ ನಾದ ಮೆಲ್ಲಮೆಲ್ಲನೆ ಬಣ್ಣ ತಿರುಗುತ್ತದೆ. ತಂಬೂರಿಯ ಶ್ರುತಿಯಲ್ಲಿ ಕಿವಿಯಿಟ್ಟು ಕುಳಿತವರಿಗೆ ಈ ಅನುಭವ ಹೊಸತಲ್ಲ. ಅರ್ಧ ದಾರಿ ಕಳೆದಮೇಲೆ, ಕೇಳುವವನು ಇನ್ನೇನನ್ನೂ ನಿರೀಕ್ಷಿಸದಿರುವಾಗ, ಗಿಟಾರ್ ಪ್ರವೇಶಿಸುತ್ತದೆ. ಆ ಒಂದು ಕ್ಷಣಕ್ಕಾಗಿಯೇ ಅಷ್ಟು ಹೊತ್ತು ಕಾದದ್ದು ಸಾರ್ಥಕವೆನಿಸುತ್ತದೆ.

ಗೊಟ್ಶಿಂಗನಿಗೆ ಹುಟ್ಟಿದ್ದು ಸಂತೋಷಕ್ಕಿಂತ ಹೆಚ್ಚಾಗಿ ಸಂದೇಹ. ತಪ್ಪಿಲ್ಲ, ತಿದ್ದುವುದಕ್ಕೇನೂ ಇಲ್ಲ. ಬೆವರು ಸುರಿಸದೆ ಬಂದುದನ್ನು ಕೃತಿಯೆನ್ನಬಹುದೆ? ಸುರುಳಿಯನ್ನು ವರ್ಜಿನ್ ಸಂಸ್ಥೆಯ ರಿಚರ್ಡ್ ಬ್ರಾನ್ಸನ್ನನಿಗೆ ಕೇಳಿಸಿದಾಗ ಆತನ ಕೈಯಲ್ಲಿದ್ದ ಕೂಸು ನಿದ್ದೆಹೋಯಿತೆಂದು ಮುಂದೆ ಹೇಳಿದ್ದುಂಟು. ಕಡೆಗೆ ಶುಲ್ಟ್ಸೆಯ ‘ಇನ್‌ಟೀಮ್’ ಸಂಸ್ಥೆಯಿಂದ ೧೯೮೪ರಲ್ಲಿ ತಟ್ಟೆ ಹೊರಬಂದಿತು. ವಿಪರ್ಯಾಸವೆಂದರೆ, ಎಡೆಬಿಡದೆ ಹರಿದ ಆ ಹೊಳೆ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸದೆ ನಡುವೆ ತುಂಡಾಗಬೇಕಾಯಿತು. ಕೇಳುವವರು ಎದ್ದು ಮಗ್ಗುಲು ಬದಲಾಯಿಸಬೇಕು!

ಅದಕ್ಕಿಟ್ಟ ಹೆಸರು ‘ಇ೨–ಇ೪’. ಚದುರಂಗ ಬಲ್ಲವರಿಗೆ ಇದು ಪರಿಚಿತ: ಬಿಳಿಯ ರಾಜನ ಮುಂದಿರುವ ಕಾಲಾಳು ಎರಡು ಮನೆ ಮುಂದಕ್ಕಿಡುವ ಮೊದಲ ಹೆಜ್ಜೆ. ರಕ್ಷಾಕವಚದ ಮೇಲೆಯೂ ಚದುರಂಗದ ಹಾಸೇ. ಒಳಭಾಗಗಳಿಗೂ ಆಟದ ಹೆಸರುಗಳು. ಕೊನೆಯದು ‘ರೆಮಿಸ್’, ಅಂದರೆ ಸೋಲು ಗೆಲುವಿಲ್ಲದ ಮುಗಿತಾಯ.

ತವರಿನಲ್ಲಿ ತಟ್ಟೆಗೆ ಹೇಳಿಕೊಳ್ಳುವಂತಹ ಆದರ ಸಿಗಲಿಲ್ಲ. ನ್ಯೂಯಾರ್ಕಿನಲ್ಲಿ ನಡೆದದ್ದೇ ಬೇರೆ. ಅಲ್ಲಿನ ‘ಪ್ಯಾರಡೈಸ್ ಗರಾಜ್’ ಎಂಬ ನೃತ್ಯಶಾಲೆಯಲ್ಲಿ ಲ್ಯಾರಿ ಲೆವಾನ್ ಎಂಬಾತನು ಇದನ್ನು ಹಾಕಿ ನೂರಾರು ಜನರನ್ನು ಕುಣಿಸಿದನು. ಕುಣಿತಕ್ಕೆಂದು ನುಡಿಸಿದವನಲ್ಲ ಗೊಟ್ಶಿಂಗ್. ಸುದ್ದಿ ತಿಳಿದಾಗ ಆತನಿಗೇ ಅಚ್ಚರಿ.

ಬಳಿಕ ಇತರರ ಕೈಗಳು ತೊಡಗಿದವು. ಒಬ್ಬರ ಧ್ವನಿಮುದ್ರಣವನ್ನು ಬಿಡಿಸಿ, ಬೇಕಾದುದನ್ನಿಟ್ಟುಕೊಂಡು, ಹೊಸ ತಾಳವನ್ನೋ ಸ್ವರವನ್ನೋ ಬೆರೆಸುವುದಕ್ಕೆ ರಿಮಿಕ್ಸ್ ಎನ್ನುತ್ತಾರೆ. ೧೯೮೯ರಲ್ಲಿ ಇಟಲಿಯವರು ಗೊಟ್ಶಿಂಗನ ಆ ತೂಗುಯ್ಯಾಲೆಯ ಮೇಲೆ ಹೆಣ್ಣಿನ ಪಿಸುಮಾತನ್ನು ಕೂರಿಸಿ ‘ಸುಯೆನ್ಯೊ ಲಟೀನೊ’ ಎಂಬ ತಟ್ಟೆ ತಂದರು. ಮಧುರವೇನೋ ಹೌದು, ಸಕ್ಕರೆ ಒಂದು ಚಮಚ ಹೆಚ್ಚಾಯಿತು. ಅದನ್ನು ೧೯೯೨ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಡೆರಿಕ್ ಮೇ ಮತ್ತೆ ಹೊಸದಾಗಿ ಹೆಣೆದನು. ಕಾರ್ಖಾನೆಗಳ ಆ ನಗರದಲ್ಲಿ ಟೆಕ್ನೊ ಸಂಗೀತವನ್ನು ಹುಟ್ಟುಹಾಕಿದ ಕರಿಯ ತರುಣರಲ್ಲಿ ಆತನೊಬ್ಬ. ಅದೇ ಊರಿನ ಕಾರ್ಲ್ ಕ್ರೇಗ್ ೧೯೯೪ರಲ್ಲಿ ‘ರೀಮೇಕ್’ ಎಂಬ ಹೆಸರಿನಲ್ಲಿಯೇ ಮೂಲದ ಋಣವನ್ನು ಒಪ್ಪಿಕೊಂಡು, ಕೆಳಗಿನ ತಾಳವನ್ನು ಗಟ್ಟಿಗೊಳಿಸಿದನು.

ಕ್ರೇಗನ ಈ ತಟ್ಟೆಯನ್ನು ಮತ್ತೊಮ್ಮೆ ತಿದ್ದಿದವರು ‘ಬೇಸಿಕ್ ಚಾನೆಲ್’ ಎಂಬ ಜೋಡಿ, ಮಾರ್ಕ್ ಎರ್ನೆಸ್ಟಸ್ ಮತ್ತು ಮೋರಿಟ್ಸ್ ಫಾನ್ ಓಸ್ವಾಲ್ಡ್. ಇಬ್ಬರೂ ಬರ್ಲಿನ್ನಿನವರೇ. ಇತರರು ಕೂಡಿಸುತ್ತ ಹೋದಲ್ಲಿ ಇವರು ಕಳೆಯುತ್ತ ಹೋದರು. ಉಳಿದದ್ದು ಮಂಜಿನಾಚೆ ಮಿಡಿಯುವ ಲಯ. ಎಲ್ಲ ರೂಪಾಂತರಗಳಲ್ಲಿ ಮೂಲದ ಏಕಾಂತಕ್ಕೆ ಹತ್ತಿರವಾದದ್ದು ಇದೇ ಎನ್ನಬೇಕು. ನಾದವು ಕಡಲೆರಡನ್ನು ಸುತ್ತಿ ಊರಿಗೆ ಬರುವ ಹೊತ್ತಿಗೆ ಊರನ್ನು ಇಬ್ಭಾಗಿಸಿದ್ದ ಗೋಡೆ ಇರಲಿಲ್ಲ.

೨೦೨೨ರ ಡಿಸೆಂಬರ್ ೪ರಂದು, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ಗೊಟ್ಶಿಂಗ್ ತೀರಿಕೊಂಡನು. ಆ ಒಂದು ಗಂಟೆಗೆ ನಲವತ್ತೊಂದು ವರ್ಷ ತುಂಬುವುದಕ್ಕೆ ಇನ್ನೂ ಎಂಟು ದಿನಗಳಿದ್ದವು.